ಕಥುಲು ಕಾಯಲಿ, ಮೊದಲು ಗಾರ್ಡ್ನರ್‌ನ ಬಾವಿ

ಭಯಾನಕ ಕಥೆಗಳ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್‌ನನ್ನು ಓದಲು ಹೊರಟವರಿಗೆಲ್ಲ ಸಿಗುವ ಸಲಹೆ ಹೆಚ್ಚುಕಡಿಮೆ ಒಂದೇ: ‘ದ ಕಾಲ್ ಆಫ್ ಕಥುಲು’ವಿನಿಂದ ಶುರುಮಾಡಿ. 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದ ಆ ಕಥೆಯೇ ಅವನ ಹೆಸರಿಗೆ ಅಂಟಿಕೊಂಡಿದೆ, ನಿಜ. ಆದರೆ ಹೊಸ ಓದುಗರು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಅದಕ್ಕೂ ಕೆಲವು ತಿಂಗಳು ಮುಂಚೆ, 1927ರ ಸೆಪ್ಟೆಂಬರ್‌ನಲ್ಲಿ ‘ಅಮೇಜಿಂಗ್ ಸ್ಟೋರೀಸ್’ನಲ್ಲಿ ಅಚ್ಚಾದ ‘ದ ಕಲರ್ ಔಟ್ ಆಫ್ ಸ್ಪೇಸ್’ ಎಂಬ ಕಥೆಯನ್ನು. ಸಂಪಾದಕ ಹ್ಯೂಗೊ ಗರ್ನ್ಸ್‌ಬ್ಯಾಕ್ ಅದಕ್ಕೆ ಕೊಟ್ಟದ್ದು ಬರೀ 25 ಡಾಲರ್, ಅದೂ ಸತಾಯಿಸಿ. ಲವ್‌ಕ್ರಾಫ್ಟ್ ಮಾತ್ರ ಅದನ್ನು ತನ್ನ ಅತ್ಯುತ್ತಮ ಕಥೆಗಳ ಸಾಲಿನಲ್ಲೇ ಇಟ್ಟಿದ್ದ.

ಕಥೆ ನಡೆಯುವುದು ಅಮೆರಿಕದ ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ. 1882ರ ಜೂನ್‌ನಲ್ಲಿ ನೇಹಮ್ ಗಾರ್ಡ್ನರ್ ಎಂಬ ರೈತನ ಬಾವಿಯ ಪಕ್ಕ ಉಲ್ಕೆಯೊಂದು ಬೀಳುತ್ತದೆ. ಪ್ರೊಫೆಸರುಗಳು ಬಂದು ಚೂರು ಕೆತ್ತಿ ಒಯ್ಯುತ್ತಾರೆ, ಕಾಯಿಸುತ್ತಾರೆ, ಆಸಿಡ್ ಸುರಿಯುತ್ತಾರೆ. ಉಲ್ಕೆ ದಿನೇ ದಿನೇ ಕುಗ್ಗಿ ಕೊನೆಗೆ ಕಾಣೆಯಾಗುತ್ತದೆ. ಆ ವರ್ಷ ತೋಟದಲ್ಲಿ ಹಣ್ಣುಗಳು ಹಿಂದೆಂದೂ ಕಾಣದಷ್ಟು ದೊಡ್ಡದಾಗಿ, ಮಿರಮಿರ ಮಿಂಚುತ್ತ ಬಿಡುತ್ತವೆ. ಕಚ್ಚಿದರೆ ಕಹಿ, ಒಂದೂ ತಿನ್ನುವಂತಿಲ್ಲ. ಮುಂದಿನ ವಸಂತದಲ್ಲಿ ಗಾಳಿಯಿಲ್ಲದೆ ಮರಗಳು ತೂಗುತ್ತವೆ, ಹಸುಗಳ ಹಾಲು ಕೆಡುತ್ತದೆ. ಗಿಡಗಳು, ಆಮೇಲೆ ಕೋಳಿ, ಹಂದಿ, ದನ ಎಲ್ಲವೂ ಬೂದುಬಣ್ಣಕ್ಕೆ ತಿರುಗಿ ಪುಡಿಪುಡಿಯಾಗುತ್ತವೆ. ಹೆಂಡತಿಗೆ ಹುಚ್ಚು ಹಿಡಿಯುತ್ತದೆ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪಿ ಹೋಗುತ್ತಾರೆ. ಮನೆಯವರು ಅದೇ ಬಾವಿಯ ನೀರು ಕುಡಿಯುತ್ತಲೇ ಇರುತ್ತಾರೆ.

ಲವ್‌ಕ್ರಾಫ್ಟ್‌ನ ಮೇಲಿರುವ ಹಳೆಯ ದೂರು, ಅವನು ಭಯವನ್ನು ತೋರಿಸದೆ ವಿಶೇಷಣಗಳನ್ನು ಗುಡ್ಡೆ ಹಾಕುತ್ತಾನೆ ಎಂಬುದು. ದೂರು ಸುಳ್ಳಲ್ಲ. ಇಲ್ಲಿ ಮಾತ್ರ ಅವನ ಕೈಯಲ್ಲಿ ಹಣ್ಣು, ಹಾಲು, ಎಲೆ, ದನಗಳಿವೆ. ಭಯ ಬೆಳೆನಷ್ಟದ ಲೆಕ್ಕದ ಹಾಗೆ ಒಂದೊಂದೇ ಬಾಬ್ತಾಗಿ ಏರುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ನಾವು ಕೇಳಿ ಬೆಳೆದ ದೆವ್ವಗಳಿಗೆ ತೀರದ ಆಸೆಯೋ ಹಗೆಯೋ ಇರುತ್ತದೆ, ಆದ್ದರಿಂದಲೇ ಶಾಂತಿ ಮಾಡಿಸುವ ದಾರಿಯೂ ಇರುತ್ತದೆ. ಉಲ್ಕೆಯೊಡನೆ ಬಂದು ಗಾರ್ಡ್ನರ್‌ನ ಬಾವಿಗಿಳಿದ ಆ ವಸ್ತುವಿಗೆ ಮನೆಯವರ ಮೇಲೆ ದ್ವೇಷವಿಲ್ಲ, ಬೇಡಿಕೆಯಿಲ್ಲ. ತಾನೇನು ಪಾಪ ಮಾಡಿದೆನೋ ಎಂದು ದೈವಭೀರು ನೇಹಮ್ ಕೊರಗುತ್ತಾನೆ, ಉತ್ತರ ಸಿಗುವುದಿಲ್ಲ. ವಿಶ್ವಕ್ಕೆ ಮನುಷ್ಯನ ಪರಿವೆಯೇ ಇಲ್ಲ ಎಂಬ ಲವ್‌ಕ್ರಾಫ್ಟ್‌ನ ಮೂಲನಂಬಿಕೆ ಇಷ್ಟು ನಿಚ್ಚಳವಾಗಿ ಬೇರೆಲ್ಲೂ ಮೂಡಿಲ್ಲ.

ಕಥುಲು ಎಂಬ ದೈತ್ಯದೇವತೆಯ ಪುರಾಣವೇ ಲವ್‌ಕ್ರಾಫ್ಟ್‌ನ ಬರಹಕ್ಕೆ ಬುನಾದಿ, ಅದನ್ನು ತಿಳಿಯದೆ ಉಳಿದದ್ದು ಅರ್ಥವಾದೀತೇ ಎಂದು ಕೇಳಬಹುದು. ಆದರೆ ಆ ಪುರಾಣಕ್ಕೆ ವ್ಯವಸ್ಥೆಯ ಚೌಕಟ್ಟು ಹಾಕಿದವನು ಮುಖ್ಯವಾಗಿ ಅವನ ಶಿಷ್ಯಸಮಾನ ಆಗಸ್ಟ್ ಡರ್ಲೆತ್. ಲವ್‌ಕ್ರಾಫ್ಟ್ ಹೆಸರುಗಳನ್ನು ಕಥೆಯಿಂದ ಕಥೆಗೆ ಎರವಲು ಒಯ್ಯುತ್ತಿದ್ದನೇ ಹೊರತು ಓದಿನ ಕ್ರಮವನ್ನು ಕಟ್ಟಲಿಲ್ಲ. ಮೇಲಾಗಿ ಆಟಿಕೆ, ಗೇಮುಗಳಲ್ಲಿ ಕಥುಲುವಿನ ಮುಖ ನೋಡಿ ಸವೆಸಿದವರಿಗೆ ಆ ಕಥೆಯ ಕೊನೆಯ ದರ್ಶನದಲ್ಲಿ ಬೆಚ್ಚಲು ಏನು ಉಳಿದಿದೆ? ಬರೆದ ಕಾಲಾನುಕ್ರಮದಲ್ಲೇ ಓದುತ್ತೇನೆ ಎನ್ನುವವರು ಪೋ ಮತ್ತು ಲಾರ್ಡ್ ಡನ್ಸನಿಯ ನೆರಳಿನಲ್ಲಿ ಹುಟ್ಟಿದ ಬರಹಗಳಲ್ಲೇ ದಣಿದಾರು.

ಗಂಭೀರ ಆಕ್ಷೇಪ ಬೇರೆ. ಲವ್‌ಕ್ರಾಫ್ಟ್ ಜನಾಂಗದ್ವೇಷಿ. ಪತ್ರಗಳಲ್ಲಷ್ಟೇ ಅಲ್ಲ, ‘ದ ಹಾರರ್ ಅಟ್ ರೆಡ್ ಹುಕ್’ನಲ್ಲಿ ಬ್ರೂಕ್ಲಿನ್‌ನ ವಲಸಿಗರೇ ಅವನಿಗೆ ಭೂತಗಳು, ಕಥುಲುವಿನ ಆರಾಧಕರನ್ನು ಚಿತ್ರಿಸುವಾಗಲೂ ಅದೇ ಹೇಸಿಗೆ. ಕಾಲವೇ ಹಾಗಿತ್ತು ಎಂಬ ಸಮಜಾಯಿಷಿ ನನಗೆ ಒಪ್ಪಿಗೆಯಿಲ್ಲ. ಗಾರ್ಡ್ನರ್‌ನ ಕಥೆಯಲ್ಲಿ ಭಯ ಯಾವ ಜನರ ಮೈಬಣ್ಣದ ಮೇಲೂ ನಿಂತಿಲ್ಲ. ಅಲ್ಲಿಂದ ಶುರುಮಾಡಿದವರು, ಮುಂದೆ ಆ ದ್ವೇಷ ಎದುರಾದಾಗ, ಪ್ರತಿಭೆಯನ್ನೂ ವಿಷವನ್ನೂ ಬೇರೆಬೇರೆಯಾಗಿ ಗುರುತಿಸಬಲ್ಲರು.

ಎರಡನೆಯದಾಗಿ ‘ದ ಮ್ಯೂಸಿಕ್ ಆಫ್ ಎರಿಕ್ ಜಾನ್’ ಓದಿ: ಮೂಕ ವಾದಕನೊಬ್ಬನ ಪುಟ್ಟ ಕಥೆ, ವಿವರಣೆಗಳನ್ನು ಬೇಕೆಂದೇ ತಡೆಹಿಡಿದದ್ದು. ಆಮೇಲೆ ‘ದ ಶ್ಯಾಡೋ ಓವರ್ ಇನ್ಸ್‌ಮತ್’; ರಕ್ತಶುದ್ಧಿಯ ಗೀಳು ಅಲ್ಲಿ ಕಥೆಯ ನಿರೂಪಕನ ಮೈಯೊಳಕ್ಕೇ ತಿರುಗುತ್ತದೆ. ಕಥುಲುವಿನ ಸರದಿ ನಾಲ್ಕನೆಯದು. ಅಂಟಾರ್ಕ್ಟಿಕದ ‘ಅಟ್ ದ ಮೌಂಟನ್ಸ್ ಆಫ್ ಮ್ಯಾಡ್ನೆಸ್’ ಕಿರುಕಾದಂಬರಿಯಷ್ಟು ಉದ್ದ, ಅವಸರ ಬೇಡ. ಲೇಖಕ ತೀರಿಕೊಂಡದ್ದು 1937ರಲ್ಲಿ. ಭಾರತದಲ್ಲಿ ಈ ಕಥೆಗಳ ಹಕ್ಕುಸ್ವಾಮ್ಯ ಎಂದೋ ಮುಗಿದಿರುವುದರಿಂದ ಇಂಗ್ಲಿಷ್ ಮೂಲಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ.