ಹುಟ್ಟು ಎಳೆಯಬೇಕಾದದ್ದು ಬೆನ್ನಿನಿಂದ

2023ರ ಅಕ್ಟೋಬರ್‌ನಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಅರ್ಜುನ್ ಸಿಂಗ್ ಮತ್ತು ಸುನಿಲ್ ಸಿಂಗ್ ಸಲಾಂ ಒಂದೇ ಕೆನೂವಿನಲ್ಲಿ ಮೊಣಕಾಲೂರಿ ಕೂತು, 1000 ಮೀಟರ್ ದೂರವನ್ನು ನಾಲ್ಕು ನಿಮಿಷದೊಳಗೆ ಮುಗಿಸಿ ಕಂಚು ಗೆದ್ದರು. 1994ರ ಹಿರೋಶಿಮಾ ಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಭಾರತಕ್ಕೆ ಬಂದ ಕಂಚಿನ ನಂತರ 29 ವರ್ಷ ಕಾದು ಸಿಕ್ಕ ಪದಕವದು. ಕ್ರಿಕೆಟ್ ವಿಶ್ವಕಪ್ಪಿನ ಗದ್ದಲದಲ್ಲಿ ಅದು ನಮ್ಮ ಕಣ್ಣಿಗೆ ಸರಿಯಾಗಿ ಬೀಳಲೇ ಇಲ್ಲ.

ಕಯಾಕ್‌ನಲ್ಲಿ ಕಾಲು ಚಾಚಿ ಕೂರುತ್ತಾರೆ, ಹುಟ್ಟಿನ ಎರಡೂ ತುದಿಗೆ ಅಲಗು ಇರುತ್ತದೆ. ಕೆನೂವಿನ ಹುಟ್ಟಿಗೆ ಒಂದೇ ಅಲಗು. ಸ್ಪರ್ಧಿ ಒಂದು ಮಂಡಿಯೂರಿ, ಉದ್ದಕ್ಕೂ ಒಂದೇ ಬದಿಯಲ್ಲಿ ಹುಟ್ಟು ಹಾಕುತ್ತಾನೆ. ದೋಣಿ ಯಾವುದಾದರೂ ಹೊಸಬರು ಮಾಡುವ ತಪ್ಪು ಒಂದೇ: ಬರೀ ತೋಳಿನಿಂದ ಎಳೆಯುವುದು. ತೋಳಿನ ಸ್ನಾಯುಗಳು ಚಿಕ್ಕವು, ಬೇಗ ಸೋಲುತ್ತವೆ. ಬೆನ್ನು, ಹೊಟ್ಟೆ, ಸೊಂಟದ ಸ್ನಾಯುಗಳು ದೊಡ್ಡವು. ಅವನ್ನು ಕೆಲಸಕ್ಕೆ ಹಚ್ಚಬೇಕೆಂದರೆ ಮೈ ತಿರುಗಬೇಕು.

ಬಲಬದಿಯ ಒಂದು ಎಳೆತವನ್ನೇ ನೋಡಿ. ಮೊದಲು ಬಲ ಭುಜ ಮುಂದೆ ಹೋಗುವಂತೆ ಎದೆ ಎಡಕ್ಕೆ ತಿರುಗುತ್ತದೆ. ಕೆಳಗಿನ ಕೈ ಹೆಚ್ಚುಕಡಿಮೆ ನೇರವಾಗಿದೆ, ಮೇಲಿನ ಕೈ ನೀರಿನ ಮೇಲೆ ಚಾಚಿದೆ, ಹಾಗಾಗಿ ಹುಟ್ಟು ನೆಟ್ಟಗೆ ನಿಲ್ಲುತ್ತದೆ. ಅಲಗು ಪೂರ್ತಿ ಮುಳುಗಿದ ಮೇಲೆಯೇ ಬಲ ಹಾಕಬೇಕು. ಅರ್ಧ ಮುಳುಗಿದ ಅಲಗು ನೀರು ಚಿಮ್ಮಿಸುತ್ತದೆ, ದೋಣಿಯನ್ನು ಒಯ್ಯುವುದಿಲ್ಲ. ಈಗ ತಿರುಗಿದ ಮೈ ಬಿಚ್ಚಿಕೊಳ್ಳುತ್ತದೆ, ನೀರಲ್ಲಿ ಊರಿದ ಹುಟ್ಟಿನ ಕಡೆಗೆ ದೋಣಿ ಸಾಗುತ್ತದೆ. ಕೈ ಸೊಂಟದ ಹತ್ತಿರ ಬರುತ್ತಿದ್ದಂತೆ ಅಲಗನ್ನು ಎತ್ತಿಬಿಡಬೇಕು. ಅಲ್ಲಿಂದಾಚೆ ಎಳೆದರೆ ಅಲಗು ನೀರನ್ನು ಮೇಲಕ್ಕೆ ಎತ್ತುತ್ತದೆ, ದೋಣಿಯ ಹಿಂಭಾಗ ತಗ್ಗುತ್ತದೆ, ವೇಗ ಸಾಯುತ್ತದೆ.

ಕೆನೂವಿನಲ್ಲಿ ಬಲಕ್ಕಷ್ಟೇ ಹುಟ್ಟು ಹಾಕಿದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ಎಳೆತದ ಕೊನೆಯಲ್ಲಿ ಮೇಲಿನ ಕೈಯ ಹೆಬ್ಬೆರಳನ್ನು ಕೆಳಮುಖ ಮಾಡಿ, ಅಲಗನ್ನು ದೋಣಿಯಿಂದ ಹೊರಕ್ಕೆ ಸ್ವಲ್ಪ ತಳ್ಳಿದರೆ ದಾರಿ ನೇರವಾಗುತ್ತದೆ. ಹುಟ್ಟು ನೀರಲ್ಲಿ ಬಿಡಿಸುವ ಆಕಾರದಿಂದ ಇದಕ್ಕೆ ಜೆ ಸ್ಟ್ರೋಕ್ ಎಂಬ ಹೆಸರು. ಕೈಗೆ ಹತ್ತಲು ದಿನ ಹಿಡಿಯುತ್ತದೆ, ಬೇಸರಪಡಬಾರದು.

ಜಿಮ್‌ಗೆ ಹೋಗುವವರು ಬೆಂಚ್ ಪ್ರೆಸ್‌ಗಿಂತ ಪುಲ್‌ಅಪ್, ಡಂಬೆಲ್ ರೋ, ಪ್ಲ್ಯಾಂಕ್, ರಬ್ಬರ್ ಬ್ಯಾಂಡ್ ಹಿಡಿದು ಮೈ ತಿರುಗಿಸುವ ವ್ಯಾಯಾಮಗಳಿಗೆ ಹೆಚ್ಚು ಹೊತ್ತು ಕೊಡಲಿ. ನಾಲ್ಕು ನಿಮಿಷದ ಸ್ಪರ್ಧೆಯಲ್ಲೂ ಬಹುಪಾಲು ಶಕ್ತಿ ಬರುವುದು ಆಮ್ಲಜನಕದ ಬಲದಿಂದ. ಹಾಗಿರುವಾಗ ಗಂಟೆಗಟ್ಟಲೆ ತಿರುಗಾಡುವವರಿಗೆ ಓಟ, ಈಜು, ಸೈಕಲ್ ಬೇಕೇ ಬೇಕು. ತೊಡೆಯ ಹಿಂಭಾಗ ಬಿಗಿದಿದ್ದರೆ ಕಯಾಕ್‌ನಲ್ಲಿ ಕೂತಾಗ ಬೆನ್ನು ಬಾಗುತ್ತದೆ, ಬಾಗಿದ ಬೆನ್ನು ತಿರುಗುವುದಿಲ್ಲ. ಕೆನೂವಿನಲ್ಲಿ ಎರಡೂ ಮಂಡಿಯೂರಿ ಕೂರುವವರಿಗೆ ವಜ್ರಾಸನ ಒಳ್ಳೆಯ ಸಿದ್ಧತೆ, ಕಣಕಾಲು ಸಡಿಲವಾಗುತ್ತದೆ.

ಭುಜದ ವಿಷಯದಲ್ಲಿ ಮಾತ್ರ ಹುಡುಗಾಟ ಬೇಡ. ಕೈಗಳು ಯಾವಾಗಲೂ ಎದೆಯ ಮುಂದೆಯೇ ಇರಲಿ. ಹಿಂದಕ್ಕೆ ಚಾಚಿ ಹುಟ್ಟು ಹಾಕಿದಾಗಲೇ ಕೀಲು ತಪ್ಪುವ ಅಪಾಯ ಹೆಚ್ಚು. ಹಿಂದೆ ಕೈ ಹೋಗಬೇಕೆಂದರೆ ಎದೆಯೂ ಜತೆಗೆ ತಿರುಗಲಿ. ಹಿಡಿತವೂ ಸಡಿಲವಿರಲಿ, ಬಿಗಿಮುಷ್ಟಿಯಿಂದ ಮಣಿಕಟ್ಟು ಊದಿಕೊಳ್ಳುತ್ತದೆ.

ಸಾಲಿಗ್ರಾಮದ ಸೀತಾನದಿ ಹಿನ್ನೀರಿನಲ್ಲೂ ಹೊನ್ನಾವರದ ಶರಾವತಿಯಲ್ಲೂ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಕಯಾಕ್ ನಡೆಸಲು ವಾರಾಂತ್ಯಕ್ಕೆ ಜನ ಬರುತ್ತಾರೆ. ಲೈಫ್ ಜಾಕೆಟ್‌ನ ಎಲ್ಲ ಬಕಲ್‌ಗಳನ್ನೂ ಹಾಕಿಸಿಕೊಂಡು, ಮೊದಲ ಹತ್ತು ನಿಮಿಷ ಫೋಟೊ ಬಿಟ್ಟು, ನಿಧಾನವಾಗಿ ಮೈ ತಿರುಗಿಸಿ ಹುಟ್ಟು ಹಾಕಿ ನೋಡಿ. ಹೊತ್ತೇರಿದಂತೆ ಕರಾವಳಿಯಲ್ಲಿ ಕಡಲಗಾಳಿ ಬಲವಾಗುತ್ತದೆ. ಗಾಳಿ ಬೆನ್ನಿಗಿದೆಯೆಂದು ದೂರ ಹೋದವರು ಸುಸ್ತಾದ ತೋಳಿನಲ್ಲಿ ಅದೇ ಗಾಳಿಗೆ ಎದುರಾಗಿ ಮರಳಬೇಕಾಗುತ್ತದೆ. ಹೋಗುವಾಗಲೇ ಗಾಳಿಗೆ ಎದುರಾಗಿ ಹೋಗುವುದು ಜಾಣತನ.