ತಾಲ್ಲೂಕಿನ ನಡುಮಟ್ಟದ ಕುಟುಂಬದ ವರಮಾನ: ಲೆಕ್ಕ ಹಾಕುವ ಬಗೆ

ಹತ್ತು ವರ್ಷದ ಹಿಂದಿಗಿಂತ ನಮ್ಮ ತಾಲ್ಲೂಕಿನ ರೈತರ ಸ್ಥಿತಿ ಸುಧಾರಿಸಿದೆಯೇ? ಈ ಪ್ರಶ್ನೆಗೆ ಅಡಿಕೆ ತೋಟದವರ ಉತ್ತರ ಒಂದಾದರೆ, ಮಳೆಯನ್ನೇ ನಂಬಿ ರಾಗಿ ಬೆಳೆಯುವವರ ಉತ್ತರ ಇನ್ನೊಂದು. ಸಾಲ, ನೀರಾವರಿ, ಹೈನುಗಾರಿಕೆಗಳ ಯೋಜನೆ ಮಾಡುವಾಗ ಬಾಯಿಮಾತು ಸಾಲದು, ಲೆಕ್ಕ ಬೇಕು. ಲೆಕ್ಕ ತಪ್ಪಿದರೆ ನೆರವು ಸಲ್ಲಬೇಕಾದವರಿಗೆ ಸಲ್ಲುವುದಿಲ್ಲ.

ಸರಾಸರಿ ಏಕೆ ಸಾಲದು?

ಒಂದು ಊರಿನಲ್ಲಿ ಒಂಬತ್ತು ಕುಟುಂಬಗಳಿವೆ ಎಂದು ಭಾವಿಸೋಣ. ಅವುಗಳ ವಾರ್ಷಿಕ ವರಮಾನ ಸಾವಿರ ರೂಪಾಯಿಗಳಲ್ಲಿ ಹೀಗಿರಲಿ: 48, 62, 75, 84, 96, 110, 135, 190, 640. ಸರಾಸರಿ 160 ಸಾವಿರ. ಆದರೆ ಒಂಬತ್ತರಲ್ಲಿ ಏಳು ಮನೆಗಳು ಇದಕ್ಕಿಂತ ಕೆಳಗಿವೆ. ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಐದನೆಯ ಮನೆಯ ವರಮಾನ 96 ಸಾವಿರ. ಇದೇ ಮಧ್ಯಾಂಕ.

ಕೊನೆಯ ಮನೆಯವರ ತೋಟಕ್ಕೆ ಒಳ್ಳೆಯ ಬೆಲೆ ಸಿಕ್ಕಿ ವರಮಾನ 640ರಿಂದ 1,000 ಸಾವಿರಕ್ಕೆ ಏರಿದರೆ ಸರಾಸರಿ 200 ಸಾವಿರವಾಗುತ್ತದೆ. ಸರಾಸರಿಯನ್ನಷ್ಟೇ ನೋಡಿದವರು ಊರಿನ ಸ್ಥಿತಿ ಶೇಕಡಾ 25ರಷ್ಟು ಸುಧಾರಿಸಿತೆಂದು ವರದಿ ಬರೆಯುತ್ತಾರೆ. ಉಳಿದ ಎಂಟು ಮನೆಗಳಿಗೆ ಒಂದು ಕಾಸೂ ಹೆಚ್ಚಿಲ್ಲ. ಮಧ್ಯಾಂಕ ಮಾತ್ರ 96 ಸಾವಿರದಲ್ಲೇ ನಿಂತು ನಿಜ ಹೇಳುತ್ತದೆ.

ಕುಟುಂಬಗಳ ಆಯ್ಕೆ

ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿಗಳು ಮುಖ್ಯವಾಗಿ ರಾಜ್ಯ ಮಟ್ಟಕ್ಕೆ ಹೊಂದುವಂಥವು. ತಾಲ್ಲೂಕಿನ ಚಿತ್ರ ಬೇಕಾದರೆ ನಾವೇ ಸಮೀಕ್ಷೆ ನಡೆಸಬೇಕು. ರಸ್ತೆಬದಿಯ ಊರುಗಳನ್ನೂ ಪರಿಚಯದ ಪ್ರಗತಿಪರ ರೈತರನ್ನೂ ಮಾತ್ರ ಆರಿಸಬಾರದು. ಊರುಗಳನ್ನು ಚೀಟಿ ಎತ್ತಿ ಆರಿಸಿ, ಪ್ರತಿ ಊರಿನ ಎಲ್ಲ ಕುಟುಂಬಗಳನ್ನೂ ಭೂರಹಿತ, ಸಣ್ಣ, ಮಧ್ಯಮ, ದೊಡ್ಡ ಹಿಡುವಳಿ ಎಂದು ವಿಂಗಡಿಸಿ, ಪ್ರತಿ ಗುಂಪಿನಿಂದಲೂ ಚೀಟಿ ಎತ್ತಿಯೇ ಕುಟುಂಬಗಳನ್ನು ಆರಿಸಬೇಕು. ಇಕ್ರಿಸ್ಯಾಟ್ ಸಂಸ್ಥೆಯು 1975ರಲ್ಲಿ ಆರಂಭಿಸಿದ ಗ್ರಾಮ ಅಧ್ಯಯನದಲ್ಲಿ ಊರಿಗೆ 40 ಕುಟುಂಬಗಳನ್ನು, ಗುಂಪಿಗೆ ಹತ್ತರಂತೆ, ಆರಿಸಿಕೊಂಡಿತ್ತು.

ಇಲ್ಲಿ ಒಂದು ಎಚ್ಚರಿಕೆ ಬೇಕು. 400 ಸಣ್ಣ ರೈತರಲ್ಲಿ ಹತ್ತು ಮಂದಿಯನ್ನು ಆರಿಸಿದರೆ ಒಬ್ಬೊಬ್ಬರೂ 40 ಮನೆಗಳ ಪ್ರತಿನಿಧಿ. 50 ದೊಡ್ಡ ರೈತರಲ್ಲಿ ಹತ್ತು ಮಂದಿಯನ್ನು ಆರಿಸಿದರೆ ಒಬ್ಬೊಬ್ಬರೂ ಐದು ಮನೆಗಳ ಪ್ರತಿನಿಧಿ ಮಾತ್ರ. ಆದ್ದರಿಂದ ವರಮಾನದ ಏರಿಕೆ ಕ್ರಮದಲ್ಲಿ ಪ್ರತಿನಿಧಿಸುವ ಮನೆಗಳನ್ನು ಕೂಡುತ್ತ ಹೋಗಿ, ಒಟ್ಟು ಮನೆಗಳ ಅರ್ಧ ತಲುಪಿದಲ್ಲಿ ಮಧ್ಯಾಂಕವನ್ನು ಗುರುತಿಸಬೇಕು.

ಯಾವುದು ವರಮಾನ?

ಬೆಳೆಯೊಂದನ್ನೇ ಕೇಳಿದರೆ ಅರ್ಧ ವರಮಾನ ಬಿಟ್ಟುಹೋಗುತ್ತದೆ. 2018-19ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಕೃಷಿ ಕುಟುಂಬವೊಂದರ ಸರಾಸರಿ ತಿಂಗಳ ವರಮಾನ ರೂ. 10,218. ಇದರಲ್ಲಿ ಕೂಲಿ-ಸಂಬಳದ ಪಾಲು ರೂ. 4,063, ಬೆಳೆಯದು ರೂ. 3,798, ಜಾನುವಾರುಗಳದು ರೂ. 1,582. 2012-13ರಲ್ಲಿ ಒಟ್ಟು ರೂ. 6,426 ಇದ್ದಾಗ ಬೆಳೆಯದೇ ರೂ. 3,081 ಆಗಿತ್ತು.

ಮನೆಗೆ ಇಟ್ಟುಕೊಂಡ ರಾಗಿ, ಜೋಳ, ಹಾಲಿಗೂ ಊರಿನ ಬೆಲೆ ಕಟ್ಟಿ ಸೇರಿಸಬೇಕು. ಸಾಲ ತಂದ ಹಣ, ಜಮೀನು ಮಾರಿದ ಹಣ ವರಮಾನವಲ್ಲ. ಖರ್ಚು ಕಳೆಯುವ ರೀತಿಯೂ ಪ್ರತಿ ಸಲ ಒಂದೇ ಆಗಿರಬೇಕು. ಮೇಲಿನ ರೂ. 10,218 ಕೈಯಿಂದ ಕೊಟ್ಟ ಖರ್ಚನ್ನು ಮಾತ್ರ ಕಳೆದ ಲೆಕ್ಕ. ಮನೆಯ ಬೀಜ, ಗೊಬ್ಬರ, ಮೇವು ಮುಂತಾದವುಗಳ ಬೆಲೆಯನ್ನೂ ಕಳೆದರೆ ಅದೇ ಸಮೀಕ್ಷೆಯಲ್ಲಿ ಉಳಿಯುವುದು ರೂ. 8,337. ಒಂದು ವರ್ಷ ಒಂದು ರೀತಿ, ಇನ್ನೊಂದು ವರ್ಷ ಇನ್ನೊಂದು ರೀತಿ ಹಿಡಿದರೆ ಇಲ್ಲದ ಏರಿಕೆ ಕಾಣುತ್ತದೆ.

ವರ್ಷದಿಂದ ವರ್ಷಕ್ಕೆ ಹೋಲಿಕೆ

1. ಬೆಲೆ ಏರಿಕೆಯನ್ನು ಕಳೆಯಿರಿ. ಮಧ್ಯಾಂಕ 96 ಸಾವಿರದಿಂದ 120 ಸಾವಿರಕ್ಕೆ ಏರಿ, ಅದೇ ಅವಧಿಯಲ್ಲಿ ಬೆಲೆ ಸೂಚ್ಯಂಕ 800ರಿಂದ 1,000ಕ್ಕೆ ಏರಿದ್ದರೆ, 120ನ್ನು 800ರಿಂದ ಗುಣಿಸಿ 1,000ರಿಂದ ಭಾಗಿಸಬೇಕು. ಬರುವುದು ಮತ್ತೆ 96! ಕೈಗೆ ನೋಟು ಹೆಚ್ಚು ಬಂದಿದೆ, ಕೊಳ್ಳುವ ಶಕ್ತಿ ಹೆಚ್ಚಿಲ್ಲ. ಇದಕ್ಕೆ ಕೃಷಿ ಕಾರ್ಮಿಕರ ಅಥವಾ ಗ್ರಾಮೀಣ ಗ್ರಾಹಕ ಬೆಲೆ ಸೂಚ್ಯಂಕ ಬಳಸಬಹುದು. ಆಧಾರ ವರ್ಷ ಬದಲಾಗಿದ್ದರೆ ಎರಡು ಸರಣಿಗಳನ್ನು ಜೋಡಿಸಿಯೇ ಹೋಲಿಸಬೇಕು.

2. ಬರದ ವರ್ಷವೊಂದನ್ನೇ ಆಧಾರವಾಗಿ ಹಿಡಿಯಬೇಡಿ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅಂಥ ವರ್ಷದಿಂದ ಎಣಿಸಿದರೆ ಮುಂದಿನದೆಲ್ಲ ಪ್ರಗತಿಯೇ! ಸಾಧ್ಯವಾದಲ್ಲಿ ಮೂರು ವರ್ಷಗಳನ್ನು ಒಟ್ಟಿಗೆ ನೋಡುವುದು ಲೇಸು.

3. ಅಣ್ಣತಮ್ಮಂದಿರು ಹಿಸ್ಸೆಯಾದರೆ ಒಂದು ಕುಟುಂಬ ಎರಡಾಗುತ್ತದೆ. ವರಮಾನ ಕುಗ್ಗಿದಂತೆ ತೋರಿದರೂ ಉಣ್ಣುವ ಬಾಯಿಗಳೂ ಹಂಚಿಹೋಗಿರುತ್ತವೆ. ಆದ್ದರಿಂದ ತಲಾ ವರಮಾನವನ್ನೂ ಜೊತೆಗೆ ಬರೆದಿಡಬೇಕು.

4. ಸಣ್ಣ ವ್ಯತ್ಯಾಸವನ್ನು ನಂಬಬೇಡಿ. ಗುಂಪು ಮಾಡದೆ ಚೀಟಿಯಿಂದ 100 ಕುಟುಂಬ ಆರಿಸಿದ್ದರೆ, ನಿಜವಾದ ಮಧ್ಯಾಂಕ ಸುಮಾರಾಗಿ 40ನೆಯ ಮತ್ತು 61ನೆಯ ಕುಟುಂಬಗಳ ವರಮಾನದ ನಡುವೆ ಎಲ್ಲಾದರೂ ಇರಬಹುದು. ಎರಡು ವರ್ಷಗಳ ಅಂತರ ಇದರೊಳಗೇ ಅಡಗಿದ್ದರೆ ಸುಧಾರಣೆಯೆಂದು ಸಾರುವ ಅವಸರ ಬೇಡ.

ವಿಸ್ತರಣಾ ಕಾರ್ಯಕರ್ತರು ಪ್ರತಿ ಹಂಗಾಮಿನ ಕೊನೆಗೆ ಒಮ್ಮೆ ಭೇಟಿ ಕೊಟ್ಟು ಮಾಹಿತಿ ಪಡೆದರೆ ನೆನಪಿನ ತಪ್ಪು ಕಡಿಮೆಯಾಗುತ್ತದೆ. ರೈತ ಬಾಂಧವರು ಹಾಲಿನ ಡೇರಿಯ ಪುಸ್ತಕ, ಮಂಡಿಯ ಚೀಟಿ, ಗೊಬ್ಬರದ ರಸೀದಿಗಳನ್ನು ಒಂದು ಚೀಲದಲ್ಲಿ ಜೋಪಾನವಾಗಿಟ್ಟರೆ ಅರ್ಧ ಕೆಲಸ ಮುಗಿದಂತೆ. ನಡುವಿನ ಮನೆಯ ಲೆಕ್ಕ ಸರಿಯಾಗಿ ಸಿಕ್ಕರೆ ತಾಲ್ಲೂಕಿನ ನಿಜಸ್ಥಿತಿ ತಾನಾಗಿ ತಿಳಿಯುತ್ತದೆ.