ಕೆಲಸ ಬೇಕಾಗುವ ಮುಂಚೆಯೇ ಪರಿಚಯ ಇರಲಿ

ಕಂಪನಿಯಲ್ಲಿ ಲೇಆಫ್ ಸುದ್ದಿ ಹಬ್ಬಿದಾಗಲೇ ಬಹಳ ಜನಕ್ಕೆ ಲಿಂಕ್ಡ್‌ಇನ್ ನೆನಪಾಗೋದು. ವರ್ಷಗಟ್ಟಲೆ ಮುಟ್ಟದ ಪ್ರೊಫೈಲ್‌ಗೆ ಹೊಸ ಫೋಟೊ ಬರುತ್ತದೆ, ಐವತ್ತು ಮಂದಿಗೆ ಒಂದೇ ಮೆಸೇಜ್ ಹೋಗುತ್ತದೆ. ಉತ್ತರ ಬರದಿದ್ದರೆ ‘ಇದರಿಂದ ಏನೂ ಉಪಯೋಗ ಇಲ್ಲ’ ಅಂತ ತೀರ್ಮಾನ. ಬಾಯಾರಿಕೆ ಆದಾಗ ಬಾವಿ ತೋಡಿದರೆ ನೀರು ಸಿಗುತ್ತದೆಯೇ?

ಹೊಸ ಕೆಲಸದ ಸುದ್ದಿ ಆಪ್ತ ಗೆಳೆಯರಿಂದ ಬರುವುದು ಕಡಿಮೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿದ್ದರು. ಪರಿಚಿತರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದಾಗ, ಆ ಪರಿಚಿತರನ್ನು ಆಗಾಗ ಭೇಟಿಯಾಗುತ್ತಿದ್ದವರು ಶೇ 17ರಷ್ಟು ಮಾತ್ರ. ಉಳಿದವರದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವ ಪರಿಚಯ. ಕಾರಣ ಸರಳ: ನಮ್ಮ ಗೆಳೆಯರಿಗೆ ಗೊತ್ತಿರುವುದು ಹೆಚ್ಚುಕಡಿಮೆ ನಮಗೂ ಗೊತ್ತಿರುತ್ತದೆ. ಹಳೇ ಟೀಮ್‌ನವರು, ಕಾಲೇಜಿನ ಸೀನಿಯರ್‌ಗಳು ಓಡಾಡುವ ಜಗತ್ತೇ ಬೇರೆ.

2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನ ಸುಮಾರು 2 ಕೋಟಿ ಲಿಂಕ್ಡ್‌ಇನ್ ಬಳಕೆದಾರರನ್ನು ಗಮನಿಸಿತು. ತೀರಾ ಹತ್ತಿರದವರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ ಅನ್ನುವಂಥವರಿಂದಲೇ ಕೆಲಸ ಬದಲಾವಣೆಗೆ ಹೆಚ್ಚು ಸಹಾಯವಾಗಿತ್ತು. ಅದರಲ್ಲೂ ನಮ್ಮ ಸಾಫ್ಟ್‌ವೇರ್‌ನಂಥ ಡಿಜಿಟಲ್ ಕ್ಷೇತ್ರಗಳಲ್ಲಿ ಇದು ಜಾಸ್ತಿ.

ಹಾಗಾದ್ರೆ ಏನು ಮಾಡಬೇಕು? ಮೊದಲು ಹೆಸರಿನ ಕೆಳಗಿನ ಸಾಲು ಸರಿಮಾಡಿ. ಬರೀ ‘ಸಾಫ್ಟ್‌ವೇರ್ ಎಂಜಿನಿಯರ್’ ಅಂದರೆ ಏನೂ ಗೊತ್ತಾಗಲ್ಲ. ‘ಜಾವಾ ಬ್ಯಾಕೆಂಡ್, ಪೇಮೆಂಟ್ ಸಿಸ್ಟಮ್‌ಗಳು’ ಅಂತಿದ್ದರೆ ರಿಕ್ರೂಟರ್ ಹುಡುಕಿದಾಗ ಕಣ್ಣಿಗೆ ಬೀಳುತ್ತೀರಿ.

ವಾರಕ್ಕೆ ಇಪ್ಪತ್ತು ನಿಮಿಷ ಸಾಕು. ಹಳೇ ಸಹೋದ್ಯೋಗಿಗೆ ಪ್ರಮೋಷನ್ ಆದರೆ ರೆಡಿಮೇಡ್ ‘ಕಂಗ್ರಾಟ್ಸ್’ ಒತ್ತುವ ಬದಲು ಒಂದು ಸಾಲು ಬರೆಯಿರಿ. ನೀವು ಬಿಡಿಸಿದ ಒಂದು ಬಗ್ ಬಗ್ಗೆ, ಕಂಪನಿಯ ಗುಟ್ಟು ಬಿಡದೆ, ನಾಲ್ಕು ಮಾತು ಹಾಕಿ. ಫ್ರೀಲ್ಯಾನ್ಸ್ ಮಾಡುವವರಿಗೆ, ಸಣ್ಣ ಬಿಸಿನೆಸ್ ಇರುವವರಿಗೆ ಇಂಥ ಪೋಸ್ಟೇ ಜಾಹೀರಾತು. ಗಿರಾಕಿ ನಿಮ್ಮ ಕೆಲಸ ನೋಡಿ ಫೋನ್ ಮಾಡುತ್ತಾರೆ.

ಸಹಾಯ ಕೇಳುವುದಕ್ಕೂ ಒಂದು ಕ್ರಮ ಇದೆ. ನನಗೆ ಬರುವ ಮೆಸೇಜ್‌ಗಳಲ್ಲಿ ಹೆಚ್ಚಿನವು ‘ಸರ್, ಪ್ಲೀಸ್ ರೆಫರ್ ಮಿ’ ಅಷ್ಟೇ. ಯಾವ ಹುದ್ದೆ, ಯಾಕೆ ನೀವು ಅನ್ನೋದೇ ಇಲ್ಲ. ಜಾಬ್ ಐಡಿ, ನಿಮಗೆ ಅದು ಹೊಂದುವ ಕಾರಣ ಎರಡು ಸಾಲಿನಲ್ಲಿ, ಜೊತೆಗೆ ರೆಸ್ಯೂಮೆ ಕಳಿಸಿದರೆ ಐದೇ ನಿಮಿಷದಲ್ಲಿ ರೆಫರ್ ಮಾಡಬಹುದು. ಸಂಕೋಚ ಬೇಡ. ರೆಫರ್ ಮಾಡಿದವರಿಗೂ ಎಷ್ಟೋ ಕಂಪನಿಗಳು ಬೋನಸ್ ಕೊಡುತ್ತವೆ.

ಎರಡು ಎಚ್ಚರಿಕೆ. ಕೆಲಸ ಕೊಡಿಸಲು ‘ರಿಜಿಸ್ಟ್ರೇಷನ್ ಫೀ’ ಕೇಳಿದರೆ ಅದು ಮೋಸ, ಅಲ್ಲಿಗೇ ಮಾತು ನಿಲ್ಲಿಸಿ. ಇನ್ನೊಂದು, ‘ಓಪನ್ ಟು ವರ್ಕ್’ ಅನ್ನು ರಿಕ್ರೂಟರ್‌ಗಳಿಗಷ್ಟೇ ಕಾಣುವಂತೆ ಇಡಬಹುದು. ಆದರೂ ಈಗಿನ ಕಂಪನಿಗೆ ಗೊತ್ತಾಗುವುದೇ ಇಲ್ಲ ಅನ್ನುವ ಗ್ಯಾರಂಟಿಯನ್ನು ಲಿಂಕ್ಡ್‌ಇನ್ನೇ ಕೊಡುವುದಿಲ್ಲ.

ಇವತ್ತು ಮೂವರು ಹಳೇ ಸಹೋದ್ಯೋಗಿಗಳಿಗೆ ‘ಹೇಗಿದ್ದೀರಿ?’ ಅಂತ ಬರೆಯಿರಿ. ಏನನ್ನೂ ಕೇಳಬೇಡಿ. ಕೇಳುವ ದಿನ ಬಂದಾಗ ಅವರಿಗೆ ನಿಮ್ಮ ಹೆಸರು ನೆನಪಿದ್ದರೆ ಸಾಕು.